ರಸ್ತೆ ಕಿತ್ತುಹೋಗಿದೆ ಅಂತ ಪೋಸ್ಟ್ ಹಾಕಿದ್ದಕ್ಕೆ ವಕೀಲರ ನೋಟಿಸ್ ಬಂದಿದೆ, ಏನು ಮಾಡಲಿ?

ಪ್ರಶ್ನೆ: ನಾನು ಬೇಲೂರು ತಾಲ್ಲೂಕಿನವನು, ಹಳೇಬೀಡಿನ ಹತ್ತಿರದ ಊರು. ಶುಂಠಿ, ಜೋಳ ಬೆಳೆಯುತ್ತೇನೆ. ನಮ್ಮೂರಿಗೆ ಹೊಸದಾಗಿ ಡಾಂಬರು ರಸ್ತೆ ಮಾಡಿದರು. ತಿಂಗಳೊಳಗೆ ಕಿತ್ತುಬಂತು. ಸಿಟ್ಟಿನಲ್ಲಿ ಫೋಟೊ ತೆಗೆದು ಫೇಸ್‌ಬುಕ್‌ಗೆ ಹಾಕಿದೆ. ಹೀಗೆ ಬರೆದಿದ್ದೆ: 'ನಮ್ಮೂರ ರಸ್ತೆ ನೋಡ್ರಪ್ಪ. ಡಾಂಬರು ಹಾಕಿ ತಿಂಗಳಾಗಿಲ್ಲ, ಕೈಯಲ್ಲಿ ಎಳೆದರೆ ಕಿತ್ತು ಬರ್ತದೆ. ಈ ಕಳ್ಳ ಕಂಟ್ರಾಕ್ಟರ್ ಇಂಜಿನಿಯರಿಗೆ ಎಷ್ಟು ತಿನ್ನಿಸಿದನೋ. ಇಂಥವರನ್ನ ಮನೆಯಿಂದ ಹೊರಗೆ ಎಳೆದು ನಾಲ್ಕು ತಟ್ಟಿದರೇ ಬುದ್ಧಿ ಬರೋದು.' ಜೊತೆಗೆ ಆ ಗುತ್ತಿಗೆದಾರರ ಹೊಸ ಮನೆಯ ಗೃಹಪ್ರವೇಶದ ಫೋಟೊವನ್ನೂ ಹಾಕಿದ್ದೆ. ತುಂಬಾ ಜನ ಶೇರ್ ಮಾಡಿದರು. ಈಗ ವಕೀಲರಿಂದ ನೋಟಿಸ್ ಬಂದಿದೆ. 15 ದಿನದೊಳಗೆ ಕ್ಷಮೆ ಕೇಳಬೇಕು, 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಅಂತ. ಇದರ ಮಧ್ಯೆ, ನಾನು ಅಡ್ಮಿನ್ ಆಗಿರುವ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಬೇರೆ ಧರ್ಮದವರ ಬಗ್ಗೆ ಹಳೇ ವಿಡಿಯೊ ಫಾರ್ವರ್ಡ್ ಮಾಡಿದರು ಅಂತ ಠಾಣೆಯಿಂದ ಫೋನ್ ಬಂದಿತ್ತು. ನಿಜ ಹೇಳಿದರೂ ತಪ್ಪಾ ಸಾರ್? ವಾಕ್ ಸ್ವಾತಂತ್ರ್ಯ ಅನ್ನೋದು ಬರೀ ಪುಸ್ತಕದಲ್ಲಿ ಇರೋದಾ? ಮಗ ಬೇರೆ, 'ಫೇಕ್ ಅಕೌಂಟ್ ಮಾಡಿ ಬರಿ, ಯಾರೂ ಹಿಡಿಯಲ್ಲ' ಅಂತಿದ್ದಾನೆ.

ಉತ್ತರ: ಮೊದಲು ಸಮಾಧಾನ ಮಾಡಿಕೊಳ್ಳಿ. ನೋಟಿಸ್ ಅಂದರೆ ಕೇಸ್ ಅಲ್ಲ. ಎದುರು ಪಾರ್ಟಿ ತಮ್ಮ ವಕೀಲರ ಕೈಲಿ ಬರೆಸಿದ ಕಾಗದ ಅದು. ಅದರಲ್ಲಿ 10 ಲಕ್ಷ ಅಂತ ಬರೆಯಲು ಒಂದು ರೂಪಾಯಿಯೂ ಖರ್ಚಾಗುವುದಿಲ್ಲ. ಅದೇ 10 ಲಕ್ಷವನ್ನು ಸಿವಿಲ್ ಕೋರ್ಟಿನಲ್ಲಿ ಕೇಳಬೇಕಾದರೆ ಆ ಮೊತ್ತಕ್ಕೆ ತಕ್ಕಂತೆ ನ್ಯಾಯಾಲಯ ಶುಲ್ಕ ಕಟ್ಟಬೇಕು. ನೋಟಿಸಿನಲ್ಲಿ ಲಕ್ಷಗಟ್ಟಲೆ ಕೇಳಿದವರು ದಾವೆ ಹಾಕುವ ಹೊತ್ತಿಗೆ ಮೆತ್ತಗಾಗುವುದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ. ಹಾಗಂತ ನೋಟಿಸನ್ನು ಮಡಚಿ ಅಟ್ಟದ ಮೇಲೆ ಎಸೆಯಬೇಡಿ. ಉತ್ತರ ಕೊಡಲೇಬೇಕು. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ನಿಮ್ಮ ಪೋಸ್ಟನ್ನು ಎರಡು ಸಲ ಓದಿದೆ. ನಾಲ್ಕು ವಾಕ್ಯ ಇವೆ. ನಿಮಗೆ ಅದು ಒಂದೇ ಉಸಿರಿನಲ್ಲಿ ಬಂದ ಸಿಟ್ಟು. ಕಾನೂನು ಮಾತ್ರ ಅದನ್ನು ಬಿಡಿಸಿ ಬಿಡಿಸಿ ನೋಡುತ್ತದೆ.

ಮೊದಲ ಎರಡು ವಾಕ್ಯಕ್ಕೆ ಯಾರೂ ನಿಮ್ಮನ್ನು ಏನೂ ಮಾಡಲು ಆಗುವುದಿಲ್ಲ. ರಸ್ತೆ ನೋಡಿದಿರಿ, ಕೈಯಲ್ಲಿ ಎಳೆದಿರಿ, ಕಿತ್ತುಬಂತು, ಫೋಟೊ ಇದೆ. ನಮ್ಮ ತೆರಿಗೆ ದುಡ್ಡಿನಲ್ಲಿ ಆದ ಕೆಲಸ ಹೇಗಿದೆ ಅಂತ ಹೇಳುವುದು ಸಂವಿಧಾನದ 19(1)(ಎ) ವಿಧಿ ಕೊಟ್ಟ ಹಕ್ಕಿನ ನಟ್ಟನಡುವೆ ಬರುತ್ತದೆ. ಪೋಸ್ಟ್ ಅಷ್ಟಕ್ಕೇ ನಿಂತಿದ್ದರೆ ಈ ಪತ್ರವನ್ನು ನೀವು ಬರೆಯಬೇಕಾಗಿರಲಿಲ್ಲ.

ಮೂರನೇ ವಾಕ್ಯ ನೋಡಿ. 'ಕಳ್ಳ' ಅಂದಿರಿ. 'ಇಂಜಿನಿಯರಿಗೆ ಎಷ್ಟು ತಿನ್ನಿಸಿದನೋ' ಅಂದಿರಿ. ರಸ್ತೆ ಕಿತ್ತುಹೋಗಿದ್ದನ್ನು ನೀವು ಕಂಡಿದ್ದೀರಿ. ಲಂಚ ಕೊಟ್ಟಿದ್ದನ್ನು ಕಂಡಿದ್ದೀರಾ? ಇಲ್ಲ ಅಲ್ವಾ? ಅದು ನಿಮ್ಮ ಊಹೆ. ಊಹೆ ನಿಜವೇ ಇರಬಹುದು, ನಾನು ಇಲ್ಲ ಅನ್ನುವುದಿಲ್ಲ. ಆದರೆ ಕೋರ್ಟಿನಲ್ಲಿ ಅದನ್ನು ಸಾಬೀತು ಮಾಡುವ ಭಾರ ನಿಮ್ಮ ಹೆಗಲಿಗೆ ಬೀಳುತ್ತದೆ. ಮಾನಹಾನಿಯ ವಿಷಯದಲ್ಲಿ ಜನ ಎಡವುವುದೇ ಇಲ್ಲಿ. 'ಅವನು ತಿಂದಿಲ್ಲ ಅಂತ ಅವನೇ ತೋರಿಸಲಿ' ಅಂದುಕೊಂಡಿರುತ್ತಾರೆ. ಹಾಗಲ್ಲ. ನಿಜ ಹೇಳಿದ್ದೇನೆ ಅನ್ನುವವರೇ ಅದು ನಿಜ ಅಂತ ತೋರಿಸಬೇಕು.

'ನಾನು ಲಂಚ ಕೊಟ್ಟ ಅಂತ ಹೇಳಿಲ್ಲ, ಎಷ್ಟು ಕೊಟ್ಟನೋ ಅಂತ ಬರೀ ಕೇಳಿದ್ದೇನೆ' ಅನ್ನಬಹುದು ನೀವು. ಈ ಉಪಾಯ ತುಂಬಾ ಹಳೆಯದು. ಮಾನಹಾನಿಯ ಕಾನೂನು ಬರೆದವರು 1860ರಲ್ಲೇ ಇದನ್ನು ಊಹಿಸಿದ್ದರು. ಆಗಿನ ಭಾರತೀಯ ದಂಡ ಸಂಹಿತೆಯ 499ನೇ ಸೆಕ್ಷನ್‌ನಲ್ಲಿ ಮೂರು ಉದಾಹರಣೆ ಕೊಟ್ಟಿದ್ದಾರೆ. ಒಬ್ಬ ಹೇಳುತ್ತಾನೆ, 'ಅವನು ಪ್ರಾಮಾಣಿಕ ಮನುಷ್ಯ, ಇವನ ಗಡಿಯಾರ ಅವನು ಕದ್ದೇ ಇಲ್ಲ' ಅಂತ, ಕೇಳಿದವರು ಕದ್ದಿದ್ದಾನೆ ಅಂತಲೇ ತಿಳಿಯಲಿ ಅನ್ನುವ ಉದ್ದೇಶದಿಂದ. ಎರಡನೆಯವನನ್ನು 'ಗಡಿಯಾರ ಕದ್ದವರು ಯಾರು' ಅಂತ ಕೇಳುತ್ತಾರೆ. ಅವನು ಬಾಯಿ ಬಿಡದೆ ಒಬ್ಬರ ಕಡೆ ಬೆರಳು ತೋರಿಸುತ್ತಾನೆ. ಮೂರನೆಯವನು, ಆ ಮನುಷ್ಯ ಗಡಿಯಾರ ಹಿಡಿದು ಓಡಿಹೋಗುತ್ತಿರುವ ಚಿತ್ರ ಬರೆಯುತ್ತಾನೆ. ಮೂರೂ ಮಾನಹಾನಿಯೇ. ವ್ಯಂಗ್ಯ, ಸನ್ನೆ, ಮೀಮ್. ಫೇಸ್‌ಬುಕ್ ಹುಟ್ಟುವುದಕ್ಕೆ ಮುಂಚೆ ಹೆಚ್ಚುಕಡಿಮೆ ಒಂದೂವರೆ ಶತಮಾನದ ಹಿಂದೆಯೇ ಮೀಮ್‌ಗೂ ಒಂದು ಸಾಲು ಎತ್ತಿಟ್ಟಿದ್ದರು! 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್‌ನಲ್ಲೂ ಆ ಗಡಿಯಾರ ಹಾಗೇ ಟಿಕ್ ಟಿಕ್ ಅನ್ನುತ್ತಿದೆ. ಶಿಕ್ಷೆ 2 ವರ್ಷದವರೆಗೆ ಸಾದಾ ಸಜೆ, ಅಥವಾ ದಂಡ, ಅಥವಾ ಎರಡೂ. ಹೊಸ ಸಂಹಿತೆಯಲ್ಲಿ ಸಮುದಾಯ ಸೇವೆ ಅಂತ ಇನ್ನೊಂದು ದಾರಿಯನ್ನೂ ಸೇರಿಸಿದ್ದಾರೆ.

ಹೆಸರು ಹಾಕದಿದ್ದರೆ ಬಚಾವ್ ಅನ್ನುವುದೂ ಸುಳ್ಳು. ಊರಿನಲ್ಲಿ ಆ ರಸ್ತೆ ಮಾಡಿದವರು ಒಬ್ಬರೇ. 'ಈ ಕಂಟ್ರಾಕ್ಟರ್' ಅಂದಕೂಡಲೇ ಓದಿದವರಿಗೆಲ್ಲ ಯಾರು ಅಂತ ಗೊತ್ತಾಗುತ್ತದೆ. ಅಷ್ಟು ಸಾಕು. 'ಎನ್ನಲಾಗಿದೆ', 'ಅಂತೆ', 'ಊರೆಲ್ಲ ಮಾತಾಡಿಕೊಳ್ತಿದಾರೆ' ಇವೂ ಕಾಪಾಡುವುದಿಲ್ಲ.

ಹಾಗಾದರೆ ನೀವು ಸೋತಿರಾ? ಇಲ್ಲ. ಅದೇ 356ನೇ ಸೆಕ್ಷನ್‌ನಲ್ಲಿ ಹತ್ತು ವಿನಾಯಿತಿಗಳಿವೆ. ಹೇಳಿದ್ದು ಸತ್ಯ ಮತ್ತು ಸಾರ್ವಜನಿಕರ ಒಳಿತಿಗಾಗಿ ಹೇಳಿದ್ದು ಅಂತಾದರೆ ಅಪರಾಧವಲ್ಲ. ಸರ್ಕಾರಿ ನೌಕರ ಕರ್ತವ್ಯದಲ್ಲಿ ನಡೆದುಕೊಂಡ ರೀತಿಯ ಬಗ್ಗೆ ಸದುದ್ದೇಶದಿಂದ ಅಭಿಪ್ರಾಯ ಹೇಳಿದರೆ ಅಪರಾಧವಲ್ಲ. ಸಾರ್ವಜನಿಕ ವಿಷಯದಲ್ಲಿ ಯಾರೇ ಆಗಲಿ ನಡೆದುಕೊಂಡ ರೀತಿಯ ಬಗ್ಗೆಯೂ ಅಷ್ಟೇ. ನಿಮ್ಮ ಗುತ್ತಿಗೆದಾರ ಇದರಡಿ ಬರುತ್ತಾರೆ. ಸಂಬಂಧಪಟ್ಟ ಅಧಿಕಾರಿಗೆ ಸದುದ್ದೇಶದಿಂದ ದೂರು ಕೊಟ್ಟರೂ ಅಪರಾಧವಲ್ಲ. ಈ ಕೊನೆಯದನ್ನು ನೆನಪಿಟ್ಟುಕೊಳ್ಳಿ. 'ಲಂಚದ ಅನುಮಾನ ಇದೆ, ತನಿಖೆ ಮಾಡಿ' ಅಂತ ಲೋಕಾಯುಕ್ತಕ್ಕೋ ಜಿಲ್ಲಾ ಪಂಚಾಯಿತಿಗೋ ಬರೆದು ಕೊಟ್ಟರೆ ಕಾನೂನು ನಿಮ್ಮ ಪಕ್ಕ ನಿಲ್ಲುತ್ತದೆ. ಅದೇ ಮಾತನ್ನು ತೀರ್ಪಿನ ಥರ ಫೇಸ್‌ಬುಕ್‌ನಲ್ಲಿ ಕೂಗಿದರೆ ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಸರ್ಕಾರವಾಗಲಿ, ಸ್ಥಳೀಯ ಸಂಸ್ಥೆಯಾಗಲಿ 'ನಮ್ಮ ಮಾನ ಹೋಯ್ತು' ಅಂತ ಪರಿಹಾರದ ದಾವೆ ಹಾಕುವಂತಿಲ್ಲ. ಸುಪ್ರೀಂ ಕೋರ್ಟ್ 1994ರಲ್ಲೇ ಆರ್. ರಾಜಗೋಪಾಲ್ ಪ್ರಕರಣದಲ್ಲಿ ಇದನ್ನು ಹೇಳಿದೆ. ಪಂಚಾಯಿತಿ ಕೆಲಸ ಕಳಪೆ ಅಂತ ಎಷ್ಟು ಬೇಕಾದರೂ ಬರೆಯಿರಿ. ಮಾನ ಇರುವುದು ಮನುಷ್ಯರಿಗೆ, ಖಾಸಗಿ ಕಂಪನಿಗಳಿಗೆ.

ಈಗ ನಾಲ್ಕನೇ ವಾಕ್ಯ. 'ಹೊರಗೆ ಎಳೆದು ನಾಲ್ಕು ತಟ್ಟಿದರೇ ಬುದ್ಧಿ ಬರೋದು.' ನನಗೆ ನಿಜಕ್ಕೂ ಚಿಂತೆ ಹುಟ್ಟಿಸಿದ ಸಾಲು ಇದೇ. ನೋಟಿಸ್ ಬರೆದ ವಕೀಲರು ಇದಕ್ಕೆ ಅಷ್ಟು ಒತ್ತು ಕೊಟ್ಟಿಲ್ಲ, ನಿಮ್ಮ ಅದೃಷ್ಟ. ಊರಕಡೆ ಇದು ಗಾದೆಯಷ್ಟೇ ಮಾಮೂಲು ಮಾತು. ಟೀ ಅಂಗಡಿ ಕಟ್ಟೆ ಮೇಲೆ ಹೇಳಿದ್ದರೆ ಗಾಳಿಗೆ ಹೋಗುತ್ತಿತ್ತು. ಇಲ್ಲಿ ಏನಾಗಿದೆ ನೋಡಿ. ಮೇಲೆ ಈ ಸಾಲು, ಕೆಳಗೆ ಅವರ ಮನೆಯ ಫೋಟೊ, ಫೋಟೊದಲ್ಲಿ ಹೆಂಡತಿ ಮಕ್ಕಳು. ಯಾರೋ ಕುಡಿದ ಹುಡುಗರು ಹೋಗಿ ಗಲಾಟೆ ಮಾಡಿದ್ದರೆ ನಿಮ್ಮ ಪೋಸ್ಟೇ ಮೊದಲ ಸಾಕ್ಷಿ. ಆ ಹೆಂಡತಿ ಮಕ್ಕಳಿಗೂ ರಸ್ತೆಗೂ ಏನು ಸಂಬಂಧ ಹೇಳಿ? ಇದನ್ನು ಓದಿದ ಕೂಡಲೇ, ಒಂದು ಸ್ಕ್ರೀನ್‌ಶಾಟ್ ಇಟ್ಟುಕೊಂಡು, ಆ ಫೋಟೊವನ್ನು ಪೋಸ್ಟಿನಿಂದ ತೆಗೆದುಹಾಕಿ.

ಮಾತು ಎಲ್ಲಿ ಹಕ್ಕಾಗಿರುತ್ತದೆ, ಎಲ್ಲಿ ಅಪರಾಧವಾಗುತ್ತದೆ ಅನ್ನುವ ಗೆರೆಯನ್ನು ಸುಪ್ರೀಂ ಕೋರ್ಟ್ ಚೆನ್ನಾಗಿ ಎಳೆದದ್ದು 2015ರ ಮಾರ್ಚ್ 24ರಂದು, ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ. ಅದರ ಹಿನ್ನೆಲೆ ನಿಮಗೆ ನೆನಪಿರಬಹುದು. 2012ರ ನವೆಂಬರ್‌ನಲ್ಲಿ ಬಾಳ್ ಠಾಕ್ರೆ ತೀರಿಕೊಂಡಾಗ ಮುಂಬೈ ಬಂದ್ ಆಯಿತು. ಪಾಲ್ಘರ್‌ನ ಒಬ್ಬ ಹುಡುಗಿ ಬಂದ್ ಯಾಕೆ ಬೇಕಿತ್ತು ಅನ್ನುವ ಅರ್ಥದಲ್ಲಿ ಫೇಸ್‌ಬುಕ್‌ನಲ್ಲಿ ಬರೆದಳು. ಗೆಳತಿ ಲೈಕ್ ಒತ್ತಿದಳು. ಇಬ್ಬರನ್ನೂ ಪೊಲೀಸರು ಬಂಧಿಸಿದರು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ವಿರುದ್ಧ ದೊಡ್ಡ ಕೂಗು ಎದ್ದಿದ್ದು ಆಗ. ಇನ್ನೊಬ್ಬರಿಗೆ ಕಿರಿಕಿರಿಯಾಗುವಂಥದ್ದನ್ನು ಕಳಿಸಿದರೂ 3 ವರ್ಷ ಜೈಲು ಅನ್ನುತ್ತಿತ್ತು ಆ ಸೆಕ್ಷನ್. ಕಿರಿಕಿರಿ ಅಂದರೆ ಏನು, ಯಾರಿಗೆ ಎಷ್ಟು ಅಂತ ಅಳೆಯುವವರು ಯಾರು? ಕೋರ್ಟ್ ಇಡೀ ಸೆಕ್ಷನ್ನನ್ನೇ ಕಿತ್ತುಹಾಕಿತು. ಒಂದು ವಿಷಯವನ್ನು ಚರ್ಚೆ ಮಾಡುವುದು, ಅದರ ಪರವಾಗಿ ಜೋರಾಗಿ ವಾದಿಸುವುದು, ಎರಡೂ ಹಕ್ಕು. ಕೇಳುವವರಿಗೆ ಎಷ್ಟೇ ಕಹಿಯಾದರೂ ಸರಿ. ಅಪರಾಧಕ್ಕೆ ಪ್ರಚೋದಿಸುವ ಮಟ್ಟಕ್ಕೆ ಹೋದಾಗ ಮಾತ್ರ ಸರ್ಕಾರ ಕೈಹಾಕಬಹುದು. ನಿಮ್ಮ ನಾಲ್ಕನೇ ಸಾಲು ಆ ಗೆರೆಯ ಮೇಲೆ ಕಾಲಿಟ್ಟಿದೆ.

ಇಲ್ಲೇ ಒಂದು ಮಾತು. 66ಎ ಸತ್ತು ಇಷ್ಟು ವರ್ಷವಾದರೂ ಅಲ್ಲಲ್ಲಿ ಎಫ್‌ಐಆರ್‌ಗಳಲ್ಲಿ ದೆವ್ವದ ಹಾಗೆ ಕಾಣಿಸಿಕೊಳ್ಳುತ್ತಿತ್ತು. ಅದರಡಿ ಯಾರ ಮೇಲೂ ಕೇಸ್ ನಡೆಸಬೇಡಿ ಅಂತ 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಹೇಳಬೇಕಾಯಿತು. ಯಾರಾದರೂ ನಿಮಗೆ 66ಎ ಅಂತ ಹೆದರಿಸಿದರೆ ನಕ್ಕು ಸುಮ್ಮನಿರಿ.

ವಾಕ್ ಸ್ವಾತಂತ್ರ್ಯ ಬರೀ ಪುಸ್ತಕದಲ್ಲಾ ಅಂತ ಕೇಳಿದಿರಿ. ಪುಸ್ತಕದಲ್ಲೇ ಅದರ ಬೇಲಿಯೂ ಇದೆ. 19(2)ರಲ್ಲಿ ಎಂಟು ಕಾರಣ ಕೊಟ್ಟಿದ್ದಾರೆ. ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಾಜ್ಯದ ಭದ್ರತೆ, ವಿದೇಶಗಳ ಜೊತೆ ಸ್ನೇಹ, ಸಾರ್ವಜನಿಕ ಶಾಂತಿ, ಸಭ್ಯತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ಅಷ್ಟೇ. ಒಂಬತ್ತನೇ ಕಾರಣ ಹುಟ್ಟಿಸುವಂತಿಲ್ಲ ಅಂತ 2023ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಯಾರಿಗೋ ಬೇಜಾರಾಯ್ತು, ಎಂಎಲ್‌ಎಗೆ ಇರಿಸುಮುರಿಸಾಯ್ತು ಅನ್ನುವುದು ಈ ಎಂಟರಲ್ಲಿ ಇಲ್ಲ. ನಿಮ್ಮ ಇಡೀ ಜಗಳ ಇರುವುದು ಕೊನೆಯ ಎರಡರಲ್ಲಿ. ಉಳಿದ ಆರರ ಗೋಜು ನಿಮಗೆ ಬೇಡ.

ಇನ್ನು ವಾಟ್ಸಾಪ್ ಗ್ರೂಪು. ನಿಜ ಹೇಳಬೇಕೆಂದರೆ ರಸ್ತೆ ಪೋಸ್ಟಿಗಿಂತ ನನಗೆ ಇದೇ ಜಾಸ್ತಿ ಮುಖ್ಯ ಅನ್ನಿಸಿತು. ನಮ್ಮ ಜನ ಸ್ವಂತ ನಾಲ್ಕು ಸಾಲು ಬರೆಯಲು ಹತ್ತು ಸಲ ಯೋಚಿಸುತ್ತಾರೆ. ಯಾರೋ ಕಳಿಸಿದ್ದನ್ನು ಫಾರ್ವರ್ಡ್ ಮಾಡಲು ಅರ್ಧ ಸೆಕೆಂಡ್ ಯೋಚಿಸುವುದಿಲ್ಲ. ಕಾನೂನಿನ ಅಪಾಯ ಇರುವುದು ಇದಕ್ಕೆ ತದ್ವಿರುದ್ಧವಾಗಿ.

ಅಡ್ಮಿನ್ ಆಗಿ ನಿಮ್ಮ ಹೊಣೆ ಎಷ್ಟು? ಸದಸ್ಯ ಹಾಕಿದ್ದಕ್ಕೆಲ್ಲ ಅಡ್ಮಿನ್ ಜವಾಬ್ದಾರನಲ್ಲ ಅಂತ ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಆಗ ಅಡ್ಮಿನ್‌ಗೆ ಇದ್ದ ವಿಶೇಷ ಅಧಿಕಾರ ಅಂದರೆ ಜನರನ್ನು ಸೇರಿಸುವುದು, ತೆಗೆಯುವುದು. ಯಾರು ಏನು ಹಾಕುತ್ತಾರೆ ಅಂತ ಮೊದಲೇ ಅವನಿಗೆ ಹೇಗೆ ಗೊತ್ತಾಗಬೇಕು? ಆದರೆ ನೀವೂ ಅವರೂ ಮಾತಾಡಿಕೊಂಡು ಹಾಕಿಸಿದ್ದೀರಿ ಅಂತಾದರೆ ಕಥೆ ಬೇರೆ. ಆಗ ನೀವು ಅಡ್ಮಿನ್ ಅಂತಲ್ಲ, ಪಾಲುದಾರ ಅಂತ ಸಿಕ್ಕಿಬೀಳುತ್ತೀರಿ. ಆ ಎರಡು ತೀರ್ಪು ಬಂದ ಮೇಲೆ ವಾಟ್ಸಾಪೇ ಅಡ್ಮಿನ್‌ಗೆ ಎಲ್ಲರ ಕಡೆಯಿಂದ ಮೆಸೇಜ್ ಅಳಿಸುವ ಸೌಲಭ್ಯ ಕೊಟ್ಟಿದೆ. ಅದನ್ನು ಬಳಸಿ. ಹಾಕಿದವರಿಗೆ ಗ್ರೂಪಿನಲ್ಲೇ ಒಂದು ಸಾಲು ಬರೆಯಿರಿ: 'ಇಂಥದ್ದು ಇಲ್ಲಿ ಬೇಡ, ತೆಗೆದಿದ್ದೇನೆ.' ನಾಳೆ ಯಾರಾದರೂ ಕೇಳಿದರೆ ಆ ಒಂದು ಸಾಲು ನಿಮ್ಮ ಪರ ಮಾತಾಡುತ್ತದೆ.

ಫಾರ್ವರ್ಡ್ ಮಾಡಿದವರ ಕಥೆ ಇಷ್ಟು ಸುಲಭ ಅಲ್ಲ. 'ನಾನು ಬರೆದಿದ್ದಲ್ಲ, ಬಂದಿದ್ದನ್ನ ಕಳಿಸಿದೆ' ಅಂದರೆ ನಡೆಯುವುದಿಲ್ಲ. ಫಾರ್ವರ್ಡ್ ಮಾಡಿದ ಮೆಸೇಜು ಬಿಲ್ಲಿನಿಂದ ಬಿಟ್ಟ ಬಾಣ ಇದ್ದ ಹಾಗೆ, ಬಿಟ್ಟವನೇ ಹೊಣೆ ಅನ್ನುವ ಅರ್ಥದಲ್ಲಿ ಮದ್ರಾಸ್ ಹೈಕೋರ್ಟ್ 2023ರಲ್ಲಿ ಹೇಳಿತು. ಮಾನಹಾನಿಯ ಟ್ವೀಟನ್ನು ರೀಟ್ವೀಟ್ ಮಾಡುವುದೂ ಮಾನಹಾನಿಯೇ ಅಂತ ದೆಹಲಿ ಹೈಕೋರ್ಟ್ 2024ರಲ್ಲಿ ಹೇಳಿತು. ನಿಮ್ಮ ಪೋಸ್ಟ್ ಶೇರ್ ಮಾಡಿದವರೂ ಇದನ್ನು ಓದಲಿ. ಬರೀ ಲೈಕ್ ಒತ್ತಿದವರಿಗೆ ಸ್ವಲ್ಪ ನೆಮ್ಮದಿ ಇದೆ. ಲೈಕ್ ಮಾಡುವುದು ಪ್ರಕಟಿಸಿದಂತೆ ಅಲ್ಲ ಅಂತ ಅಲಹಾಬಾದ್ ಹೈಕೋರ್ಟ್ 2025ರಲ್ಲಿ ಒಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಬೇರೆ ರಾಜ್ಯದ ಹೈಕೋರ್ಟುಗಳ ಮಾತು ನಮ್ಮ ಕೋರ್ಟುಗಳಿಗೆ ಕಟ್ಟಳೆ ಅಲ್ಲ ನಿಜ, ಆದರೆ ಕಿವಿಗೊಟ್ಟು ಕೇಳುತ್ತಾರೆ.

ಹಾಸನದವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ. 2024ರ ಲೋಕಸಭೆ ಚುನಾವಣೆ ಹೊತ್ತಿಗೆ ಜಿಲ್ಲೆಯಲ್ಲಿ ಲೈಂಗಿಕ ದೃಶ್ಯಗಳ ವಿಡಿಯೊ ತುಂಬಿದ್ದ ಪೆನ್‌ಡ್ರೈವ್‌ಗಳು ಹರಿದಾಡಿದವು. ಬಸ್ ಸ್ಟ್ಯಾಂಡು, ಹೋಟೆಲು, ಮದುವೆಮನೆ, ಎಲ್ಲಿ ನೋಡಿದರೂ ಅದೇ ಮಾತು. ಆ ವಿಡಿಯೊಗಳಲ್ಲಿದ್ದ ಹೆಂಗಸರು ನಮ್ಮ ನಿಮ್ಮ ಊರಿನವರು. ಅವರು ಯಾರು ಅಂತ ಹುಡುಕುವ ಕೆಟ್ಟ ಕುತೂಹಲದಲ್ಲಿ ಎಷ್ಟು ಮನೆಗಳ ನೆಮ್ಮದಿ ಹೋಯಿತೋ. ಇವನ್ನು ಹಂಚುವುದೇ ಅಪರಾಧ ಅಂತ ವಿಶೇಷ ತನಿಖಾ ದಳ ಸಾರ್ವಜನಿಕವಾಗಿ ಎಚ್ಚರಿಕೆ ಕೊಡಬೇಕಾಯಿತು. ಲೈಂಗಿಕ ದೃಶ್ಯಗಳನ್ನು ಮೊಬೈಲಿನಲ್ಲಿ ಕಳಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಎ ಪ್ರಕಾರ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ. ಅತ್ಯಾಚಾರಕ್ಕೆ ಒಳಗಾದವರ ಗುರುತು ಬಯಲು ಮಾಡಿದರೆ ಅದು ಬೇರೆಯೇ ಅಪರಾಧ. 'ಅನ್ಯಾಯ ಬಯಲು ಮಾಡಲು ಕಳಿಸಿದೆ' ಅನ್ನುವ ಮಾತಿಗೆ ಅಲ್ಲಿ ಜಾಗ ಇಲ್ಲ.

ಧರ್ಮದ ವಿಷಯಕ್ಕೆ ಬಂದರೆ ನ್ಯಾಯ ಸಂಹಿತೆಯ ಎರಡು ಸೆಕ್ಷನ್ ಗೊತ್ತಿದ್ದರೆ ಸಾಕು. ಧರ್ಮ, ಜಾತಿ, ಭಾಷೆಗಳ ಆಧಾರದ ಮೇಲೆ ಗುಂಪುಗಳ ನಡುವೆ ದ್ವೇಷ ಹುಟ್ಟಿಸುವುದು 196. ಒಂದು ಧರ್ಮದವರ ನಂಬಿಕೆಯನ್ನು ಬೇಕೆಂದೇ, ಕೆಟ್ಟ ಉದ್ದೇಶದಿಂದ ಅವಮಾನಿಸುವುದು 299. ಎರಡಕ್ಕೂ 3 ವರ್ಷದವರೆಗೆ ಶಿಕ್ಷೆ ಇದೆ, ಎರಡರಲ್ಲೂ ಪೊಲೀಸರು ತಾವಾಗಿಯೇ ಎಫ್‌ಐಆರ್ ಹಾಕಬಹುದು. ಇಲ್ಲಿ ಮಾತಿನ ಜೊತೆಗೆ ಸಂದರ್ಭವನ್ನೂ ನೋಡುತ್ತಾರೆ. ಪಕ್ಕದ ಚಿಕ್ಕಮಗಳೂರಿನಲ್ಲಿ ದತ್ತ ಜಯಂತಿ ಬಂತೆಂದರೆ ಬಾಬಾಬುಡನ್‌ಗಿರಿ ದಾರಿಯುದ್ದಕ್ಕೂ ಬಂದೋಬಸ್ತ್ ಇರುತ್ತದೆ. ಬೇರೆ ಯಾವುದೋ ರಾಜ್ಯದ ಹಳೇ ಗಲಾಟೆಯ ವಿಡಿಯೊವನ್ನು 'ಈಗ ನಮ್ಮಲ್ಲಿ' ಅಂತ ಆ ವಾರದಲ್ಲಿ ಹಾಕಿದರೆ, ಮಾಮೂಲಿ ದಿನ ಹಾಕಿದ್ದಕ್ಕಿಂತ ಅದರ ತೂಕವೇ ಬೇರೆ. ನಿಮ್ಮ ಗ್ರೂಪಿನ ವಿಡಿಯೊ ಹಳೆಯದು ಅಂತ ನೀವೇ ಬರೆದಿದ್ದೀರಿ. ಹಾಕಿದವರಿಗೂ ಹಳೆಯದು ಅಂತ ಗೊತ್ತಿತ್ತಾ, ಪ್ರಶ್ನೆ ಅಲ್ಲಿಗೆ ಬಂದು ನಿಲ್ಲುತ್ತದೆ.

ಸುಳ್ಳು ಸುದ್ದಿ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನುವುದನ್ನು ನಮ್ಮ ರಾಜ್ಯ 2018ರ ಜುಲೈನಲ್ಲಿ ಕಂಡಿದೆ. ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ವಾಟ್ಸಾಪ್ ವದಂತಿ ನಂಬಿ ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನ ಒಬ್ಬ ಯುವ ಇಂಜಿನಿಯರನ್ನು ಜನ ಹೊಡೆದು ಕೊಂದರು. ದೇಶದಲ್ಲಿ ಇಂಥ ಸಾವುಗಳು ಹೆಚ್ಚಾದಾಗಲೇ ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ 5 ಕಡೆಗೆ ಮಾತ್ರ ಫಾರ್ವರ್ಡ್ ಅನ್ನುವ ಮಿತಿ ತಂದಿದ್ದು. ನಮ್ಮ ಸಕಲೇಶಪುರ, ಆಲೂರು ಕಡೆ ಆನೆ ವಿಡಿಯೊ ಕಳಿಸುವವರಿಗೂ ಇದನ್ನೇ ಹೇಳುತ್ತೇನೆ. ಎಲ್ಲಿನದ್ದೋ ಕಾಡಾನೆ ವಿಡಿಯೊಗೆ ನಿಮ್ಮೂರ ಹೆಸರು ಅಂಟಿಸಿ ಬಿಟ್ಟರೆ ತೋಟಕ್ಕೆ ಹೋಗುವ ಕೂಲಿಯವರು ದಾರಿ ಬದಲಿಸುತ್ತಾರೆ. ಬದಲಿಸಿದ ದಾರಿಯಲ್ಲೇ ನಿಜವಾದ ಆನೆ ನಿಂತಿರಬಹುದು.

ನಿಮ್ಮ ಪೋಸ್ಟಿನ ಕೆಳಗಿನ ಕಮೆಂಟುಗಳ ಸ್ಕ್ರೀನ್‌ಶಾಟ್ ಕಳಿಸಿದ್ದೀರಿ. ಅದರಲ್ಲಿ ಒಬ್ಬರು ಇಂಜಿನಿಯರ ಜಾತಿ ಎತ್ತಿ ಬರೆದಿದ್ದಾರೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪರಿಶಿಷ್ಟ ಜಾತಿ, ಪಂಗಡದವರನ್ನು ಜಾತಿ ಕಾರಣಕ್ಕೆ ಸಾರ್ವಜನಿಕವಾಗಿ ಅವಮಾನಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಬರುತ್ತದೆ. ಅದರಲ್ಲಿ ಸಾಮಾನ್ಯವಾಗಿ ನಿರೀಕ್ಷಣಾ ಜಾಮೀನು ಸಿಗುವುದಿಲ್ಲ. ಕಮೆಂಟ್ ನಿಮ್ಮದಲ್ಲ, ಆದರೆ ಗೋಡೆ ನಿಮ್ಮದು. ಅಳಿಸಿ.

ಮಗನ ಸಲಹೆ ಬಗ್ಗೆ ಎರಡೇ ಮಾತು. ಸುಮ್ನೆ ಒಂದು ಅಡ್ಡಹೆಸರಿನಲ್ಲಿ ಬರೆಯುವುದು ಬೇರೆ. ಆ ಗುತ್ತಿಗೆದಾರರದ್ದೋ ಇನ್ನೊಬ್ಬರದ್ದೋ ಹೆಸರು, ಫೋಟೊ ಹಾಕಿ ಖಾತೆ ತೆರೆಯುವುದು ಬೇರೆ. ಎರಡನೆಯದು ಮಾಡಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ, 66ಡಿ ಅಂತ 3 ವರ್ಷದವರೆಗಿನ ಶಿಕ್ಷೆಯ ಅಪರಾಧಗಳು ಮೈಮೇಲೆ ಬರುತ್ತವೆ. ಯಾರೂ ಹಿಡಿಯಲ್ಲ ಅನ್ನುವುದು ಹುಡುಗರ ಭ್ರಮೆ. ಜಿಲ್ಲೆಗೊಂದು ಸೆನ್ ಠಾಣೆ, ಅಂದರೆ ಸೈಬರ್ ಅಪರಾಧ ನೋಡಿಕೊಳ್ಳುವ ಪೊಲೀಸ್ ಠಾಣೆ, ಇರುವುದು ಇಂಥದ್ದಕ್ಕೇ.

ಈಗ ಪೊಲೀಸ್ ಫೋನಿನ ವಿಷಯ. ಮಾನಹಾನಿಗೆ ಪೊಲೀಸರು ತಾವಾಗಿಯೇ ಎಫ್‌ಐಆರ್ ಹಾಕುವಂತಿಲ್ಲ. ಮಾನ ಹೋದವರೇ ಮ್ಯಾಜಿಸ್ಟ್ರೇಟ್ ಮುಂದೆ ಖಾಸಗಿ ದೂರು ಕೊಡಬೇಕು. ಆದ್ದರಿಂದ ರಸ್ತೆ ಪೋಸ್ಟಿನ ಬಗ್ಗೆ ಠಾಣೆಗೆ ಕರೆಸಿ ಕ್ಷಮಾಪತ್ರ ಬರೆಸಿಕೊಳ್ಳಲು ಯಾರಾದರೂ ನೋಡಿದರೆ, 'ಯಾವ ಸೆಕ್ಷನ್, ಲಿಖಿತ ನೋಟಿಸ್ ಕೊಡಿ ಸಾರ್' ಅಂತ ಮರ್ಯಾದೆಯಿಂದಲೇ ಕೇಳಿ. ಪೊಲೀಸರ ಮುಂದೆ ಹಾಜರಾಗಿ ಅಂತ ಕೊಡುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಸೆಕ್ಷನ್ ನೋಟಿಸನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ಸಾಲದು ಅಂತ ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ಆದರೆ ಗ್ರೂಪಿನ ವಿಡಿಯೊ ವಿಷಯಕ್ಕೆ ಕರೆದರೆ ತಪ್ಪದೆ ಹೋಗಿ. ಅದು ಎಫ್‌ಐಆರ್ ಆಗಬಹುದಾದ ವಿಷಯ. ಇದ್ದದ್ದನ್ನು ಇದ್ದಂತೆ ಹೇಳಿ. ಮೊಬೈಲ್ ವಶಕ್ಕೆ ತೆಗೆದುಕೊಂಡರೆ ಮಹಜರ್ ಪ್ರತಿ ಕೇಳಿ ಪಡೆಯಿರಿ.

ಮಾತಿನ ಅಪರಾಧಗಳಲ್ಲಿ ಪೊಲೀಸರು ಆತುರ ಪಡಬಾರದು ಅಂತ 2025ರ ಮಾರ್ಚ್ 28ರಂದು ಇಮ್ರಾನ್ ಪ್ರತಾಪ್‌ಗಢಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಳ್ಳೆಯ ತೀರ್ಪು ಕೊಟ್ಟಿದೆ. ಒಂದು ಕವಿತೆಯ ವಿಡಿಯೊ ಹಾಕಿದ್ದಕ್ಕೆ ಒಬ್ಬ ರಾಜ್ಯಸಭಾ ಸದಸ್ಯರ ಮೇಲೆ ಗುಜರಾತಿನಲ್ಲಿ ಎಫ್‌ಐಆರ್ ಆಗಿತ್ತು. 3ರಿಂದ 7 ವರ್ಷ ಶಿಕ್ಷೆಯ ಇಂಥ ಪ್ರಕರಣಗಳಲ್ಲಿ ಎಫ್‌ಐಆರ್‌ಗೆ ಮೊದಲು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡುವುದು ಸರಿಯಾದ ದಾರಿ ಅಂತ ಕೋರ್ಟ್ ಹೇಳಿತು. ಗಟ್ಟಿ ಮನಸ್ಸಿನ, ಧೈರ್ಯದ ಮನುಷ್ಯನ ಅಳತೆಯಲ್ಲಿ ಮಾತನ್ನು ಅಳೆಯಬೇಕು, ಎಲ್ಲದಕ್ಕೂ ಬೆದರುವವರ ಅಳತೆಯಲ್ಲಿ ಅಲ್ಲ ಅಂತಲೂ ಹೇಳಿತು. ನಮ್ಮ ಠಾಣೆಗಳ ಗೋಡೆಗೆ ಇದನ್ನು ಬರೆದು ಹಾಕಬೇಕು ಅಂತ ನನ್ನ ಆಸೆ.

ಈಗ ನಿಮ್ಮ ಕೆಲಸಕ್ಕೆ ಬರೋಣ. ಪೋಸ್ಟನ್ನು ಹಾಗೇ ಅಳಿಸಬೇಡಿ. ಮೊದಲು ಕಮೆಂಟು, ಶೇರು, ತಾರೀಖು ಎಲ್ಲ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಆಮೇಲೆ ಬೇರೆಯವರಿಗೆ ಕಾಣದ ಹಾಗೆ 'ಓನ್ಲಿ ಮಿ' ಮಾಡಿ. ರಸ್ತೆಯ ಮೂಲ ಫೋಟೊಗಳು ಫೋನಿನಲ್ಲೇ ಇರಲಿ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊದಲ್ಲಿ ತೆಗೆದ ಸಮಯ, ಜಾಗದ ವಿವರ ಉಳಿಯುವುದಿಲ್ಲ. ನಾಳೆ ಕೋರ್ಟಿಗೆ ಬೇಕಾಗುವುದು ಅದೇ.

ಆಮೇಲೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ನಮೂನೆ ಎ, 10 ರೂಪಾಯಿ ಶುಲ್ಕ, 30 ದಿನದ ಗಡುವು. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. ಊರಿನ ಇತಿಹಾಸವೆಲ್ಲ ಬರೆಯಬೇಡಿ. ಅಂದಾಜು ಪಟ್ಟಿ, ಕರಾರು ಪತ್ರ, ಅಳತೆ ಪುಸ್ತಕ, ಪಾವತಿಯಾದ ಬಿಲ್, ಗುಣಮಟ್ಟ ಪರೀಕ್ಷೆಯ ವರದಿ ಕೇಳಿ. ಡಾಂಬರಿನ ದಪ್ಪ ಎಷ್ಟಿರಬೇಕಿತ್ತು ಅನ್ನುವುದು ಅಂದಾಜು ಪಟ್ಟಿಯಲ್ಲಿ ಇರುತ್ತದೆ. ಎಷ್ಟು ಹಾಕಿದ್ದೇವೆ ಅಂತ ಬರೆದುಕೊಂಡಿದ್ದಾರೆ ಅನ್ನುವುದು ಅಳತೆ ಪುಸ್ತಕದಲ್ಲಿ. ನಿಜವಾಗಿ ಎಷ್ಟಿದೆ ಅನ್ನುವುದು ರಸ್ತೆಯಲ್ಲಿ. ಮೂರನ್ನೂ ಪಕ್ಕಪಕ್ಕ ಇಟ್ಟರೆ 'ಕಳ್ಳ' ಅನ್ನುವ ಪದವೇ ಬೇಕಾಗುವುದಿಲ್ಲ. ಈ ಕಾಯ್ದೆಯಲ್ಲಿ ಕಾಮಗಾರಿಯನ್ನು ನೀವೇ ಹೋಗಿ ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಇದೆ. ಇಷ್ಟು ದಿನದವರೆಗೆ ಗುತ್ತಿಗೆದಾರನೇ ರಿಪೇರಿ ಮಾಡಿಕೊಡಬೇಕು ಅನ್ನುವ ಷರತ್ತು ಕರಾರಿನಲ್ಲಿ ಸಾಮಾನ್ಯವಾಗಿ ಇರುತ್ತದೆ, ಅದನ್ನೂ ಹುಡುಕಿ.

ಕಾಗದ ಬರುವವರೆಗೆ ಸುಮ್ಮನಿರಬೇಕಾ? ಬೇಡ. ಪೋಸ್ಟನ್ನು ಹೀಗೆ ಬರೆದು ಮತ್ತೆ ಹಾಕಿ: 'ನಮ್ಮೂರ ರಸ್ತೆಗೆ ಡಾಂಬರು ಹಾಕಿ ತಿಂಗಳೂ ಆಗಿಲ್ಲ, ಕೈಯಲ್ಲಿ ಎಳೆದರೆ ಕಿತ್ತು ಬರುತ್ತಿದೆ. ಇವತ್ತು ತೆಗೆದ ಫೋಟೊ ಇದು. ಕೆಲಸ ನೋಡಿ ಬಿಲ್ ಮಂಜೂರು ಮಾಡಿದವರು ಯಾರು? ದಪ್ಪ ಎಷ್ಟಿರಬೇಕಿತ್ತು? ಮಾಹಿತಿ ಹಕ್ಕಿನಲ್ಲಿ ಕೇಳಿದ್ದೇನೆ. ಉತ್ತರ ಬಂದಾಗ ಇಲ್ಲೇ ಹಾಕುತ್ತೇನೆ.' ಇದರಲ್ಲಿ ಬೈಗುಳ ಇಲ್ಲ. ಓದಿದವರಿಗೆ ಮೊದಲಿನದಕ್ಕಿಂತ ಇದೇ ಜಾಸ್ತಿ ಚುಚ್ಚುತ್ತದೆ, ನೋಡುತ್ತಿರಿ.

ಕೊನೆಗೆ ನೋಟಿಸಿನ ಉತ್ತರ. 'ಕಳ್ಳ' ಅನ್ನುವ ಪದಕ್ಕೆ, ನಾಲ್ಕನೇ ಸಾಲಿಗೆ, ಮನೆಯ ಫೋಟೊಗೆ ವಿಷಾದ ಹೇಳಬಹುದು. ರಸ್ತೆಯ ಬಗ್ಗೆ ಹೇಳಿದ್ದಕ್ಕೆ ಒಂದಕ್ಷರವೂ ಕ್ಷಮೆ ಬೇಡ. ಎರಡನ್ನೂ ಒಂದೇ ಕಾಗದದಲ್ಲಿ ಬೇರೆ ಬೇರೆ ಮಾಡಿ ಬರೆಯುವುದೇ ವಕೀಲರ ಕೆಲಸ, ಅದನ್ನು ನೀವೇ ಬರೆಯಲು ಹೋಗಬೇಡಿ. ಮಾನಹಾನಿ ರಾಜಿಯಾಗಬಹುದಾದ ಪ್ರಕರಣ, ಇಂಥವು ಹೆಚ್ಚಾಗಿ ಹೀಗೇ ಮುಗಿಯುತ್ತವೆ. ಪರಿಹಾರದ ದಾವೆಗೆ ಅವರಿಗೆ 1 ವರ್ಷ, ಕ್ರಿಮಿನಲ್ ದೂರಿಗೆ 3 ವರ್ಷ ಕಾಲಾವಕಾಶ ಇದೆ. ಹಾಗಾಗಿ 15 ದಿನ ಕಳೆದು ಏನೂ ಆಗಲಿಲ್ಲ ಅಂತ ಕಾಗದಗಳನ್ನು ಬಿಸಾಡಬೇಡಿ. ನೋಟಿಸ್ ಬಂದ ಅಂಚೆ ಕವರನ್ನೂ ಇಟ್ಟುಕೊಳ್ಳಿ. 15 ದಿನ ಶುರುವಾಗಿದ್ದು ಯಾವತ್ತಿಂದ ಅಂತ ತಿಳಿಯುವುದು ಆ ಕವರಿನ ಮೇಲಿನ ಮುದ್ರೆಯಿಂದ.